ಎಲ್ಲಿಂದ ಬಿದ್ದೆವು ಎಂಬ ಜಗಳ

ಸೋಲುವುದು ಬೇರೆ, ಬೀಳುವುದು ಬೇರೆ. ಐಪಿಎಲ್ ನೋಡಿ ಬೆಳೆದ ನಮ್ಮಂಥವರಿಗೆ ಈ ವ್ಯತ್ಯಾಸ ಸುಲಭಕ್ಕೆ ಹೊಳೆಯುವುದಿಲ್ಲ. ಆರ್‌ಸಿಬಿ ಹದಿನೇಳು ಸಲ ಕಪ್ ಇಲ್ಲದೆ ಮನೆಗೆ ಬಂತು. ಆದರೆ ಪ್ರತಿ ಸಲವೂ ಅದು ಬಂದದ್ದು ಅದೇ ಮನೆಗೆ. ಮರುವರ್ಷ ಅದೇ ಚಿನ್ನಸ್ವಾಮಿ, ಅದೇ ಎದುರಾಳಿಗಳು, ಲೆಕ್ಕ ಸೊನ್ನೆಯಿಂದ ಶುರು. ಕಟ್ಟಕಡೆಯ ಸ್ಥಾನ ಬಂದರೂ ಯಾರೂ ನಿಮ್ಮನ್ನು ಕೆಳಗಿನ ಲೀಗಿಗೆ ತಳ್ಳುವುದಿಲ್ಲ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ತಳ್ಳುತ್ತಾರೆ. ಪ್ರೀಮಿಯರ್ ಲೀಗಿನಲ್ಲಿ 20 ಕ್ಲಬ್ಬುಗಳು, ಅದರ ಕೆಳಗಿನ ಮೂರು ಹಂತಗಳಲ್ಲಿ ತಲಾ 24, ಒಟ್ಟು 92. ಪ್ರತಿ ವರ್ಷ ಪ್ರತಿ ಹಂತದ ತಳದವರು ಒಂದು ಮೆಟ್ಟಿಲು ಇಳಿಯುತ್ತಾರೆ, ಕೆಳಗಿನವರು ಏರುತ್ತಾರೆ. ನಾಲ್ಕನೆಯ ಹಂತದಿಂದಲೂ ಜಾರಿದರೆ ಆ 92ರ ಪಟ್ಟಿಯಿಂದಲೇ ಹೊರಗೆ.

2022ರ ಏಪ್ರಿಲ್ 23ರಂದು ಓಲ್ಡಮ್ ಅಥ್ಲೆಟಿಕ್ ಹಾಗೆ ಹೊರಗೆ ಬಿತ್ತು. ಮ್ಯಾಂಚೆಸ್ಟರಿನ ಪಕ್ಕದ ಗುಡ್ಡದ ಊರು ಓಲ್ಡಮ್. ಅಲ್ಲಿನ ಬೌಂಡರಿ ಪಾರ್ಕ್ ಮೈದಾನದಲ್ಲಿ ಅಂದು ಸಾಲ್ಫರ್ಡ್ ಸಿಟಿ ಎದುರು ತಂಡ ಸೋಲುತ್ತಿದ್ದಾಗಲೇ ನೂರಾರು ಅಭಿಮಾನಿಗಳು ಕಂಬಿ ದಾಟಿ ಹುಲ್ಲಿನ ಮೇಲೆ ನುಗ್ಗಿದರು. ಅವರ ಸಿಟ್ಟು ಎದುರಾಳಿಗಳ ಮೇಲಾಗಲಿ ರೆಫರಿಯ ಮೇಲಾಗಲಿ ಇರಲಿಲ್ಲ, ಕ್ಲಬ್ಬಿನ ಮಾಲೀಕರ ಮೇಲಿತ್ತು. ಆಟ ನಿಂತಿತು. ಆಮೇಲೆ ಪ್ರೇಕ್ಷಕರನ್ನೆಲ್ಲ ಹೊರಗೆ ಕಳಿಸಿ ಖಾಲಿ ಗ್ಯಾಲರಿಗಳ ನಡುವೆ ಉಳಿದ ನಿಮಿಷಗಳನ್ನು ಆಡಿ ಮುಗಿಸಿದರು. 1992ರಲ್ಲಿ ಪ್ರೀಮಿಯರ್ ಲೀಗ್ ಹುಟ್ಟಿದಾಗ ಅದರ ಮೊದಲ 22 ಸದಸ್ಯರಲ್ಲಿ ಓಲ್ಡಮ್ ಕೂಡ ಒಂದು. ಪ್ರೀಮಿಯರ್ ಲೀಗಿನಲ್ಲಿ ಆಡಿ, ಕೊನೆಗೆ 92ರ ಪಟ್ಟಿಯಿಂದಲೂ ಹೊರಬಿದ್ದ ಮೊದಲ ಕ್ಲಬ್ ಕೂಡ ಅದೇ.

ನಾನು ಓದುತ್ತಿರುವುದು ನೀತಿಶಾಸ್ತ್ರ. ಪಿಎಚ್‌ಡಿಯ ವಿಷಯ ನಿಷ್ಠೆ. ಅದರ ಕೆಲಸಕ್ಕೆಂದು ಕೆಲವು ತಿಂಗಳು ಮ್ಯಾಂಚೆಸ್ಟರಿನಲ್ಲಿದ್ದೆ. ಶನಿವಾರಗಳಂದು ಗ್ರಂಥಾಲಯ ಬಿಟ್ಟು ಟ್ರಾಮ್ ಹಿಡಿದು ಓಲ್ಡಮ್‌ಗೆ ಹೋಗುವ ಚಟ ಹತ್ತಿತು. ಕ್ಲಬ್ಬು ಆಗ ಐದನೆಯ ಹಂತದಲ್ಲಿತ್ತು. ನಿಜ ಹೇಳಬೇಕೆಂದರೆ ಆಟಕ್ಕಿಂತ ಆಟಕ್ಕೆ ಮುಂಚಿನ ಎರಡು ಗಂಟೆಗಳೇ ನನಗೆ ಬೇಕಾದದ್ದು. ಪಬ್ಬಿನ ಮೂಲೆಯಲ್ಲಿ ಅದೇ ಆರೇಳು ಜನ, ಅದೇ ಜಗಳ: ನಾವು ಬೀಳಲು ಶುರುವಾದದ್ದು ಯಾವಾಗ?

ಒಬ್ಬರ ಪ್ರಕಾರ ಅದಕ್ಕೆ ದಿನ, ನಿಮಿಷ ಎರಡೂ ಉಂಟು. 1994ರ ಏಪ್ರಿಲ್ 10, ವೆಂಬ್ಲಿ, ಎಫ್‌ಎ ಕಪ್ ಸೆಮಿಫೈನಲ್. ಹೆಚ್ಚುವರಿ ಸಮಯದಲ್ಲಿ ಗೋಲು ಹೊಡೆದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಓಲ್ಡಮ್ ಮುಂದಿದೆ. ಇನ್ನೊಂದು ನಿಮಿಷ ದಾಟಿದರೆ ಕ್ಲಬ್ಬಿನ ಚರಿತ್ರೆಯಲ್ಲೇ ಮೊದಲ ಎಫ್‌ಎ ಕಪ್ ಫೈನಲ್. ಆಗ ಮಾರ್ಕ್ ಹ್ಯೂಸ್ ಗಾಳಿಯಲ್ಲಿದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಒದ್ದು ಸಮ ಮಾಡಿದ. ಮರುಪಂದ್ಯದಲ್ಲಿ 4–1 ಸೋಲು, ಕೆಲವೇ ವಾರಗಳಲ್ಲಿ ಪ್ರೀಮಿಯರ್ ಲೀಗಿನಿಂದಲೂ ಔಟ್. 1997ರಲ್ಲಿ ಮೂರನೆಯ ಹಂತ. ಅಲ್ಲಿ ಇಪ್ಪತ್ತೊಂದು ವರ್ಷ ಏರಲೂ ಆಗದೆ ಇಳಿಯಲೂ ಆಗದೆ ಕೂತು, 2018ರಲ್ಲಿ ನಾಲ್ಕನೆಯ ಹಂತ.

ಇನ್ನೊಬ್ಬರು ಇದನ್ನು ಒಪ್ಪುವುದಿಲ್ಲ. ಎಲ್ಲಕ್ಕೂ ದುಡ್ಡೇ ಕಾರಣ ಅನ್ನುತ್ತಾರೆ ಅವರು. ಟೀವಿ ಹಣ ಮೇಲಿನ ಇಪ್ಪತ್ತರ ಕಡೆಗೆ ಹರಿಯತೊಡಗಿದ ದಿನವೇ ಇಂಥ ಊರುಗಳ ಹಣೆಬರಹ ಬರೆದಾಗಿತ್ತು, ಹ್ಯೂಸ್ ಒದೆಯದಿದ್ದರೂ ಇದೇ ಗತಿಯಾಗುತ್ತಿತ್ತು. ಮೂರನೆಯವರು ನಿವೃತ್ತ ಬಸ್ ಚಾಲಕರು, ಎಪ್ಪತ್ತು ದಾಟಿದವರು. ಅವರು ಗಿರಣಿಗಳ ಮಾತು ತೆಗೆಯುತ್ತಿದ್ದರು. ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಹತ್ತಿ ನೂಲುತ್ತಿದ್ದ ಊರು ಓಲ್ಡಮ್. 1990ರ ದಶಕ ಮುಗಿಯುವಷ್ಟರಲ್ಲಿ ನೂಲುವ ಗಿರಣಿ ಒಂದೂ ಉಳಿದಿರಲಿಲ್ಲ. ‘ಊರೇ ಮುಳುಗಿದ ಮೇಲೆ ತಂಡ ತೇಲುತ್ತದೆಯೇ?’ ಎಂದು ಅವರು ಕೇಳುವಾಗ ನನಗೆ ದಾವಣಗೆರೆ ನೆನಪಾಗುತ್ತಿತ್ತು. ನಮ್ಮಜ್ಜ ಅಲ್ಲಿನ ಮಿಲ್ಲೊಂದರಲ್ಲಿ ದುಡಿದವರು. ಆ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲಕ್ಕೆ ಮ್ಯಾಂಚೆಸ್ಟರಿನ ಸುತ್ತಲೇ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗೆ ನೋಡಿದರೆ ನಂಟು ಇನ್ನೂ ಹಳೆಯದು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಲ್ಯಾಂಕಾಶೈರಿಗೆ ಹತ್ತಿ ಬರುವುದು ನಿಂತಾಗ ಅಲ್ಲಿನ ವ್ಯಾಪಾರಿಗಳ ಕಣ್ಣು ಬಿದ್ದದ್ದು ಭಾರತದ ಹತ್ತಿಯ ಮೇಲೆ. ‘ಧಾರವಾಡ ಅಮೆರಿಕನ್’ ಎಂಬ ತಳಿ ಅವರ ಲೆಕ್ಕದ ಪುಸ್ತಕಗಳಲ್ಲಿ ಸೇರಿಹೋಗಿತ್ತು.

ಈ ಜಗಳವನ್ನು ಬರೀ ಕಾಲಹರಣ ಎಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಕುಸಿತಕ್ಕೆ ತಾರೀಖು ಹಾಕುವುದೆಂದರೆ ಅದರ ಹೊಣೆ ಯಾರದ್ದೆಂದು ಹೇಳುವುದೇ. 1994 ಎಂದವರಿಗೆ ಹೊಣೆ ಅದೃಷ್ಟದ್ದು, ಅಂದರೆ ಯಾರದ್ದೂ ಅಲ್ಲ. 1992 ಎಂದವರಿಗೆ ವ್ಯವಸ್ಥೆಯದ್ದು. ಗಿರಣಿ ಎಂದವರಿಗೆ ಚರಿತ್ರೆಯದ್ದು. 2018 ಎಂದವರಿಗೆ ಆ ವರ್ಷದ ಆರಂಭದಲ್ಲಿ ಕ್ಲಬ್ಬನ್ನು ಕೊಂಡ ಅಬ್ದಲ್ಲಾ ಲೆಮ್ಸಾಗಮ್ ಅವರದ್ದು. ಅವರ ನಾಲ್ಕು ವರ್ಷಗಳಲ್ಲಿ ತರಬೇತುದಾರರು ಬಂದಷ್ಟೇ ಬೇಗ ಹೋದರು. ಚಿಕ್ಕಂದಿನಿಂದ ಇದೇ ತಂಡದ ಅಭಿಮಾನಿಯಾಗಿದ್ದ ಪಾಲ್ ಸ್ಕೋಲ್ಸ್‌ನಂಥ ದೊಡ್ಡ ಆಟಗಾರ ಕೂಡ 2019ರಲ್ಲಿ ಆ ಕುರ್ಚಿಯಲ್ಲಿ ಕೂತದ್ದು 31 ದಿನ ಮಾತ್ರ. (ಓಲ್ಡಮನ್ನು ಹೊರದಬ್ಬಿದ ಆ ಕೊನೆಯ ಪಂದ್ಯದ ಎದುರಾಳಿ ಸಾಲ್ಫರ್ಡ್‌ನ ಒಡೆತನದಲ್ಲಿ ಅದೇ ಸ್ಕೋಲ್ಸ್‌ಗೆ ಪಾಲಿತ್ತು. ಇಂಥದ್ದನ್ನು ಕತೆಯಲ್ಲಿ ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ.)

ಆದರೆ ಇವರೆಲ್ಲರಿಗೂ ಕೇಳಬಹುದಾದ ಒಂದು ಪ್ರಶ್ನೆಯಿದೆ: ಎಲ್ಲಿಂದ ಬಿದ್ದದ್ದು? ಕ್ಲಬ್ಬು 1907ರಲ್ಲಿ ಲೀಗ್ ಸೇರಿತು. 1910ರಲ್ಲಿ ಮೇಲಿನ ಹಂತ ಮುಟ್ಟಿ, 1915ರಲ್ಲಿ ಎವರ್ಟನ್‌ಗಿಂತ ಒಂದೇ ಒಂದು ಅಂಕ ಹಿಂದುಳಿದು ಎರಡನೆಯ ಸ್ಥಾನ ಪಡೆಯಿತು. 1923ರಲ್ಲಿ ಇಳಿದದ್ದು ಮತ್ತೆ ಮೇಲೇರಿದ್ದು ಅರವತ್ತೆಂಟು ವರ್ಷದ ನಂತರ, 1991ರಲ್ಲಿ, ಜೋ ರಾಯ್ಲ್ ಎಂಬ ತರಬೇತುದಾರರ ಕೈಯಲ್ಲಿ. ಲೆಕ್ಕ ಹಾಕಿದರೆ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಮೇಲಿನ ಹಂತದಲ್ಲಿ ಆಡಿದ್ದು ಹನ್ನೆರಡೇ ಋತು. ಹಾಗಾದರೆ ಯಾವುದು ಈ ತಂಡದ ಸಹಜ ಜಾಗ? ಸುಗ್ಗಿಯ ಮೂರು ವರ್ಷಗಳನ್ನು ಅಳತೆಗೋಲು ಮಾಡಿಕೊಂಡರೆ ಉಳಿದದ್ದೆಲ್ಲ ಬರಗಾಲವಾಗಿಯೇ ಕಾಣುತ್ತದೆ. ಇದನ್ನು ನಾನು ಒಮ್ಮೆ ಮೆಲ್ಲಗೆ ಹೇಳಿದಾಗ ಚಾಲಕರು ಬಿಯರ್ ಲೋಟ ಕೆಳಗಿಟ್ಟು, ‘ಲೆಕ್ಕ ಸರಿ. ಆದರೆ ಆ ಮೂರು ವರ್ಷ ನಾನು ಅಲ್ಲಿದ್ದೆ’ ಅಂದರು.

ಅದು ವಾದ ಅಲ್ಲ ಎಂದು ತರಗತಿಯಲ್ಲಾದರೆ ಹೇಳುತ್ತೇವೆ. ನನಗೆ ಅದು ವಾದವೇ ಅನ್ನಿಸಿತು. ಅಂಕಿಅಂಶಕ್ಕೆ ಎಲ್ಲ ವರ್ಷವೂ ಒಂದೇ ತೂಕದ್ದು. ಬದುಕಿದವರಿಗೆ ಹಾಗಲ್ಲ. ಕುಸಿತ ಎಂಬ ಮಾತಿಗೆ ಅರ್ಥ ಬರಬೇಕಾದರೆ ಒಬ್ಬ ಸಾಕ್ಷಿ ಬೇಕು, ಸಾಕ್ಷಿಗೆ ಒಂದು ಎತ್ತರ ನೆನಪಿರಬೇಕು.

ಇಲ್ಲೇ ಒಂದು ಅಪಾಯವೂ ಇದೆ. ಎತ್ತರದ ನೆನಪು ಸುಲಭಕ್ಕೆ ಒಬ್ಬ ಆರೋಪಿಯನ್ನು ಹುಡುಕುತ್ತದೆ. ಓಲ್ಡಮಿನ ಗಿರಣಿಗಳು ಕೊನೆಯುಸಿರು ಎಳೆಯುತ್ತಿದ್ದ ದಶಕಗಳಲ್ಲಿ ಅಲ್ಲಿನ ರಾತ್ರಿ ಪಾಳಿಗಳನ್ನು ನಡೆಸಿದವರಲ್ಲಿ ಪಾಕಿಸ್ತಾನ, ಬಾಂಗ್ಲಾದೇಶಗಳಿಂದ ಬಂದವರು ಬಹಳ. ಗಿರಣಿ ಮುಚ್ಚಿದಾಗ ಅವರ ಕೆಲಸವೂ ಹೋಯಿತು, ಬಿಳಿಯರ ಕೆಲಸವೂ ಹೋಯಿತು. ಆದರೆ 2001ರ ಮೇ ತಿಂಗಳಲ್ಲಿ ಊರು ಹೊತ್ತಿ ಉರಿದಾಗ ಜನ ಬಣ್ಣದ ಗೆರೆಯ ಮೇಲೆಯೇ ಎರಡಾದರು. ಬೌಂಡರಿ ಪಾರ್ಕಿನ ಗ್ಯಾಲರಿಯಲ್ಲಿ ನನ್ನ ಮೈಬಣ್ಣದವರು ಬೆರಳೆಣಿಕೆಯಷ್ಟು ಮಾತ್ರ ಕಾಣುತ್ತಿದ್ದರು. ಒಂದು ಶನಿವಾರ ಪಕ್ಕದ ಸಾಲಿನವರೊಬ್ಬರು ಕುಸಿತದ ಕತೆ ಹೇಳುತ್ತ ಹೇಳುತ್ತ, ‘ಊರು ಮೊದಲಿನ ಹಾಗಿಲ್ಲ’ ಎಂದು ಶುರುಮಾಡಿ, ನನ್ನ ಮುಖ ನೋಡಿ ಮಾತು ನುಂಗಿಕೊಂಡರು. ಆಮೇಲೆ ಚಳಿಯ ಬಗ್ಗೆ ಮಾತಾಡಿದೆವು. ಮಾತಾಡಬೇಕಾದಷ್ಟು ಚಳಿ ಅಲ್ಲಿ ನಿಜಕ್ಕೂ ಇದೆ. ಆ ನುಂಗಿದ ವಾಕ್ಯ ನನ್ನ ಪ್ರಬಂಧದ ಒಂದು ಅಧ್ಯಾಯವನ್ನೇ ಬದಲಿಸಿತು. ‘ನಾವು ಎಲ್ಲಿಂದ ಬಿದ್ದೆವು’ ಎಂದು ಕೇಳುವಾಗ ಆ ‘ನಾವು’ ಒಳಗೆ ಯಾರಿದ್ದಾರೆ ಎಂಬುದನ್ನು ಆಗಲೇ ತೀರ್ಮಾನಿಸಿಬಿಟ್ಟಿರುತ್ತೇವೆ. ಅದೇ ರಾತ್ರಿ ಪಾಳಿಯ ಕೆಲಸಗಾರನ ಮೊಮ್ಮಗ ತಂಡದ ನೀಲಿ ಅಂಗಿ ತೊಟ್ಟು ಬಂದರೆ ಅವನಿಗೂ 1994 ಸೇರುತ್ತದೆಯೇ? ಸೇರಬೇಕು ಎಂಬುದು ನನ್ನ ನಿಲುವು. ಆ ವರ್ಷ ಹುಟ್ಟಿಯೇ ಇರದ ಬಿಳಿ ಹುಡುಗರಿಗೆ ಸೇರುವುದಾದರೆ ಇವನಿಗೆ ಸೇರದಿರಲು ಬೇರೆ ಯಾವ ಕಾರಣವಿದೆ?

ಈಗ ನನ್ನನ್ನು ಹೆಚ್ಚು ಕಾಡಿದ ಸಂಗತಿಗೆ ಬರುತ್ತೇನೆ. ಕೊನೆಯ ಆ ಋತುವಿನಲ್ಲಿ, ಅಂದರೆ 2021–22ರಲ್ಲಿ, ಅಭಿಮಾನಿಗಳ ನಡುವೆ ಬಿರುಕು ಬಿಟ್ಟಿತ್ತು. ಮಾಲೀಕರು ಹೋಗುವವರೆಗೆ ಟಿಕೆಟ್ ಕೊಳ್ಳಬಾರದು ಎಂದು ಕೆಲವರು. ತಂಡ ಮುಳುಗುವ ಹೊತ್ತಿನಲ್ಲಿ ಬೆನ್ನು ತಿರುಗಿಸುವುದು ದ್ರೋಹ ಎಂದು ಕೆಲವರು. ನಾನು ಹೇಳಿದ ಆ ಬಸ್ ಚಾಲಕರ ಮನೆಯಲ್ಲೇ ಈ ಬಿರುಕಿತ್ತು. ಮಗಳು ಬಹಿಷ್ಕಾರದ ಕಡೆ, ಅಪ್ಪ ಪ್ರತಿ ಶನಿವಾರ ಗ್ಯಾಲರಿಯಲ್ಲಿ. ‘ನೀನು ಕೊಡೋ ಪ್ರತಿ ಪೌಂಡೂ ಅವನ ಕೈಗೆ ಹೋಗುತ್ತೆ ಅಪ್ಪ’ ಎಂದು ಅವಳು. ‘ನಾನು ಅವನನ್ನ ನೋಡೋಕೆ ಹೋಗ್ತಿಲ್ಲ’ ಎಂದು ಇವರು. ಅರ್ಧ ವರ್ಷ ಇಬ್ಬರೂ ಭಾನುವಾರದ ಊಟಕ್ಕೆ ಕೂತಾಗ ಫುಟ್‌ಬಾಲ್ ಮಾತೇ ಎತ್ತುತ್ತಿರಲಿಲ್ಲವಂತೆ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಬರೆದ ಪುಟ್ಟ ಪುಸ್ತಕವೊಂದು ಇಂಥ ಸಂದರ್ಭದ ಬಗ್ಗೆಯೇ ಇದೆ. ಯಾವುದೇ ಸಂಸ್ಥೆ ಹಾಳಾಗತೊಡಗಿದಾಗ ಅದನ್ನು ನೆಚ್ಚಿದವರಿಗೆ ಎರಡು ದಾರಿ: ಬಿಟ್ಟುಹೋಗುವುದು, ಇಲ್ಲವೇ ಒಳಗಿದ್ದು ದನಿ ಎತ್ತುವುದು. ಅವರಿಗೆ ಈ ಯೋಚನೆ ಬಂದದ್ದು ನೈಜೀರಿಯಾದ ರೈಲು ನೋಡಿ. ಲಾರಿಗಳ ಪೈಪೋಟಿ ಬಂದ ಮೇಲೆ ರೈಲು ಸುಧಾರಿಸಬೇಕಿತ್ತು, ಸುಧಾರಿಸಲಿಲ್ಲ. ಏಕೆಂದರೆ ಗುಣಮಟ್ಟದ ಬಗ್ಗೆ ಗಟ್ಟಿಯಾಗಿ ಜಗಳ ಮಾಡಬಲ್ಲವರೇ ಮೊದಲು ಲಾರಿಗೆ ಹೋದರು. ಉಳಿದವರು ಸುಮ್ಮನಿರುವವರು. ಹರ್ಷ್‌ಮನ್ ಸರ್ಕಾರಿ ಶಾಲೆಗಳ ಉದಾಹರಣೆಯನ್ನೂ ಕೊಡುತ್ತಾರೆ. ಅದನ್ನು ಓದುವಾಗ ಕನ್ನಡ ಬಲ್ಲ ಯಾರಿಗೂ ವ್ಯಾಖ್ಯಾನ ಬೇಕಾಗುವುದಿಲ್ಲ. ನಮ್ಮೂರಿನ ಕನ್ನಡ ಶಾಲೆಯ ಹೆಂಚು ಸೋರುತ್ತದೆಂದು ತಹಶೀಲ್ದಾರರವರೆಗೆ ಹೋಗಿ ಕೂಗಾಡಬಲ್ಲ ಅಪ್ಪ ಅಮ್ಮಂದಿರ ಮಕ್ಕಳೆಲ್ಲ ಹಳದಿ ಬಸ್ ಹತ್ತಿಯಾಗಿದೆ. ಈಗ ಅದೇ ಜನ ನವೆಂಬರಿನಲ್ಲಿ ವೇದಿಕೆ ಏರಿ ಶಾಲೆಯ ಕುಸಿತದ ಬಗ್ಗೆ ಭಾಷಣ ಮಾಡುತ್ತಾರೆ.

ಆದರೆ ಫುಟ್‌ಬಾಲ್ ಅಭಿಮಾನಿಗೆ ಹತ್ತಲು ಹಳದಿ ಬಸ್ ಇಲ್ಲ. ಓಲ್ಡಮ್ ಬಿಟ್ಟ ಮಗಳು ಮ್ಯಾಂಚೆಸ್ಟರ್ ಸಿಟಿಗೆ ಹೋಗಲಿಲ್ಲ. ಅವಳು ಹೋದದ್ದು ಎಲ್ಲಿಗೂ ಅಲ್ಲ, ಮೈದಾನದ ಗೇಟಿನ ಹೊರಗೆ ಫಲಕ ಹಿಡಿದು ನಿಂತಳು. ಇಲ್ಲಿ ಬಿಡುವುದೇ ದನಿಯಾಗಿತ್ತು. ಹರ್ಷ್‌ಮನ್ನರ ಎರಡು ದಾರಿಗಳು ಇವಳಲ್ಲಿ ಒಂದಾಗಿಬಿಟ್ಟಿದ್ದವು. ಇನ್ನು ಅಪ್ಪ? ಅವರೇನು ಸುಮ್ಮನಿರಲು ಉಳಿದವರಲ್ಲ. ಏಪ್ರಿಲ್ 23ರಂದು ಹುಲ್ಲಿನ ಮೇಲಿಳಿದವರಲ್ಲಿ ಅವರೂ ಇದ್ದರು, ಎಪ್ಪತ್ತರ ಮಂಡಿನೋವಿನೊಂದಿಗೆ. ಒಳಗಿದ್ದವರು ಮಾತ್ರ ಮಾಡಬಹುದಾಗಿದ್ದ ಕೆಲಸ ಅದು.

2021ರಲ್ಲಿ ಕ್ಲಬ್ಬಿನ ಆಡಳಿತ ಮೂವರು ಅಭಿಮಾನಿಗಳಿಗೆ ಮೈದಾನ ಪ್ರವೇಶ ನಿಷೇಧಿಸಿತ್ತು. ಕ್ಲಬ್ಬಿನ ಬಗ್ಗೆ ಮತ್ತು ಅದನ್ನು ನಡೆಸುವವರ ಬಗ್ಗೆ ಅಪ್ರೀತಿ ಹಬ್ಬಿಸುತ್ತಿದ್ದಾರೆ ಎಂಬುದು ಕಾರಣ. ಗದ್ದಲವೆದ್ದ ಮೇಲೆ ಹಿಂತೆಗೆದುಕೊಂಡರು. ಆ ಎರಡು ‘ಬಗ್ಗೆ’ಗಳನ್ನು ಜೋಡಿಸಿದ್ದೇ ಜಗಳದ ಬೇರು. ನಡೆಸುವವರೇ ಕ್ಲಬ್ಬು ಎಂದಾದರೆ ಅವರನ್ನು ಬೈದವನು ದ್ರೋಹಿ. ಅಲ್ಲ ಎಂದಾದರೆ ಕ್ಲಬ್ಬು ಅನ್ನುವುದು ಎಲ್ಲಿದೆ? ಹನ್ನೊಂದು ಆಟಗಾರರಲ್ಲಿ ಇಲ್ಲ, ಅವರು ಎರಡು ವರ್ಷಕ್ಕೆ ಬದಲಾಗುತ್ತಾರೆ. ಹಂತದಲ್ಲಿ ಇಲ್ಲ. ಮೈದಾನದಲ್ಲಿ ಇದೆಯೇ? ಪಕ್ಕದ ಊರು ಬೆರಿಯ ಕತೆ ಈ ಪ್ರಶ್ನೆಯನ್ನು ಬಿಡಿಸಿ ಬಿಡಿಸಿ ಕೇಳುತ್ತದೆ. 1900ರಲ್ಲಿ, 1903ರಲ್ಲಿ ಎಫ್‌ಎ ಕಪ್ ಗೆದ್ದ ಬೆರಿ ಎಫ್‌ಸಿಯನ್ನು ಹಣದ ಸಂಕಟದಿಂದಾಗಿ 2019ರ ಆಗಸ್ಟ್ 27ರಂದು ಲೀಗಿನಿಂದಲೇ ಉಚ್ಚಾಟಿಸಿದರು. ಆಮೇಲೆ ಅಭಿಮಾನಿಗಳು ಎರಡಾದರು. ಕೆಲವರು ಹೊಸ ಹೆಸರಿನ ಕ್ಲಬ್ಬು ಕಟ್ಟಿ ತಳದಿಂದ ಆಡಲು ಶುರುಮಾಡಿದರು. ಕೆಲವರು ಹಳೆಯ ಮೈದಾನ ಗಿಗ್ ಲೇನ್ ಉಳಿಸಿಕೊಳ್ಳುವುದೇ ನಿಜವಾದ ಕೆಲಸ ಎಂದರು. ಒಂದು ಪಂಗಡದ ಬಳಿ ಆಟವಿತ್ತು, ಮೈದಾನವಿಲ್ಲ. ಇನ್ನೊಂದರ ಬಳಿ ಮೈದಾನವಿತ್ತು, ಆಟವಿಲ್ಲ. ಒಂದಾಗಲು ಮಾಡಿದ ಮೊದಲ ಮತದಾನ ಸಾಕಷ್ಟು ಮತ ಸಿಗದೆ ಬಿದ್ದುಹೋಯಿತು. 2023ರಲ್ಲಿ ಎರಡನೆಯ ಸಲ ಗೆದ್ದಿತು. ನಾಲ್ಕು ವರ್ಷ ಒಂದೇ ಊರಿನ ಜನ, ಒಂದೇ ಸತ್ತ ಕ್ಲಬ್ಬಿನ ವಾರಸುದಾರರು ತಾವೇ ಎಂದು ಪರಸ್ಪರ ಮುಖ ನೋಡದೆ ಓಡಾಡಿದ್ದರು.

ಅಪ್ಪ ಸರಿಯೋ ಮಗಳು ಸರಿಯೋ ಎಂದು ನನ್ನನ್ನು ಕೇಳಿದರೆ, ಬಹಿಷ್ಕಾರ ಸರಿಯಾದ ಅಸ್ತ್ರವೇ ಆಗಿತ್ತು ಎಂದು ಹೇಳುತ್ತೇನೆ. ಬೇರೆ ಯಾವ ಭಾಷೆಯೂ ಮಾಲೀಕರಿಗೆ ಕೇಳಿಸುತ್ತಿರಲಿಲ್ಲ. ಆದರೂ ಅದನ್ನು ಅಪ್ಪನ ಮೇಲೆ ಹೇರುವ ಹಕ್ಕು ಮಗಳಿಗಿತ್ತು ಎಂದು ನನಗನ್ನಿಸುವುದಿಲ್ಲ. ನಿಷ್ಠೆಯ ಬಗ್ಗೆ ಬರೆಯುವ ತತ್ತ್ವಜ್ಞಾನಿಗಳು ತ್ಯಾಗದ ಮಾತು ಬಂದಾಗ ಅದರ ಬೆಲೆ ಎಲ್ಲರಿಗೂ ಒಂದೇ ಎಂಬಂತೆ ಬರೆಯುತ್ತಾರೆ. ನಿಷ್ಠೆಯೇ ನೀತಿಯ ತಿರುಳು ಎಂದು 1908ರಲ್ಲಿ ಒಂದಿಡೀ ಪುಸ್ತಕ ಬರೆದ ಜೊಸಾಯ ರಾಯ್ಸ್, ಸೋತುಹೋದ ಧ್ಯೇಯಗಳಿಗೆ ಅಂಟಿಕೊಂಡವರನ್ನು ತುಂಬು ಗೌರವದಿಂದ ನೋಡುತ್ತಾರೆ. ಆದರೆ ಅಂಟಿಕೊಳ್ಳಲು ಯಾರಿಗೆ ಎಷ್ಟು ಖರ್ಚಾಯಿತು ಎಂದು ಕೇಳುವುದಿಲ್ಲ. ಮಗಳಿಗೆ ಶನಿವಾರ ತಪ್ಪಿದರೆ ಗೆಳತಿಯರಿದ್ದಾರೆ, ಕೆಲಸವಿದೆ, ಬೇರೆ ಊರಿದೆ. ಹೆಂಡತಿ ತೀರಿಕೊಂಡ ಮೇಲೆ ಅಪ್ಪ ವಾರದಲ್ಲಿ ಬೂಟು ಹಾಕಿಕೊಂಡು ಹೊರಬೀಳುತ್ತಿದ್ದದ್ದು ಅದೊಂದೇ ದಿನ. ಅವರ ಎಡಕ್ಕೆ ಕೂರುವವರ ಹೆಸರು ಅವರಿಗೆ ಮೂವತ್ತು ವರ್ಷವಾದರೂ ಸರಿಯಾಗಿ ಗೊತ್ತಿಲ್ಲ, ಆದರೆ ಆ ಸೀಟು ಎರಡು ವಾರ ಖಾಲಿ ಬಿದ್ದರೆ ನಿದ್ದೆ ಬರುವುದಿಲ್ಲ. ಅವಳು ಬಿಟ್ಟದ್ದು ಒಂದು ಹವ್ಯಾಸವನ್ನು. ಅವರು ಬಿಡಬೇಕಾಗಿದ್ದದ್ದು ಉಳಿದಿದ್ದ ಒಂದೇ ನೆರೆಹೊರೆಯನ್ನು. ಒಂದೇ ಪ್ರಮಾಣದ ತ್ಯಾಗ ಎಂದು ಇದನ್ನು ಕರೆಯುವುದು ಹೇಗೆ? ಬಹಿಷ್ಕಾರಕ್ಕೆ ಕರೆ ಕೊಟ್ಟವರಲ್ಲಿ ಕೆಲವರಾದರೂ, ನೀವು ಬನ್ನಿ ಪರವಾಗಿಲ್ಲ, ನಿಮ್ಮ ಪಾಲಿನದ್ದನ್ನೂ ನಾವು ಬಿಡುತ್ತೇವೆ ಎಂದು ಮುದುಕರಿಗೆ ಹೇಳಬಹುದಿತ್ತು.

ಆ ಜುಲೈನಲ್ಲಿ ಕ್ಲಬ್ಬು ಕೈ ಬದಲಾಯಿತು. ಎಪ್ಪತ್ತರ ವಯಸ್ಸಿನಲ್ಲಿ ಒಬ್ಬರೇ ದೋಣಿ ಹುಟ್ಟು ಹಾಕಿ ಅಟ್ಲಾಂಟಿಕ್ ದಾಟಿದ ಸ್ಥಳೀಯ ಉದ್ಯಮಿ ಫ್ರ್ಯಾಂಕ್ ರಾತ್ವೆಲ್ ತಂಡವನ್ನೂ ಮೈದಾನವನ್ನೂ ಒಟ್ಟಿಗೆ ಕೊಂಡರು. ಐದನೆಯ ಹಂತದಲ್ಲಿ ಮೂರು ವರ್ಷ. 2025ರ ಜೂನ್ 1ರಂದು ವೆಂಬ್ಲಿಯಲ್ಲಿ, ಹೆಚ್ಚುವರಿ ಸಮಯದಲ್ಲಿ, ಸೌತೆಂಡ್ ವಿರುದ್ಧ 3–2. ಓಲ್ಡಮ್ ಮತ್ತೆ 92ರಲ್ಲಿ ಒಂದು. ಎರಡು ದಿನ ಬಿಟ್ಟು ಅಹಮದಾಬಾದಿನಲ್ಲಿ ಆರ್‌ಸಿಬಿ ಗೆದ್ದಿತು. ಆ ವಾರ ಊರಿನಲ್ಲಿದ್ದ ನನಗೆ ಇಬ್ಬರ ಅಭಿಮಾನಿಗಳ ಅಳುವೂ ಫೋನಿನಲ್ಲಿ ಒಂದೇ ಥರ ಕೇಳಿಸಿತು. ಇಲ್ಲಿನ ಸಂಭ್ರಮ ಮಾರನೆಯ ದಿನ ಸೂತಕವಾದದ್ದು ಬೇರೆಯೇ ಮಾತು.

ಅದರ ಮುಂದಿನ ತಿಂಗಳು ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಡಳಿತಕ್ಕೆ ಹೊಸ ಕಾಯ್ದೆ ಬಂತು. ಮೇಲಿನ ಐದು ಹಂತಗಳ ಮೇಲೆ ಸ್ವತಂತ್ರ ನಿಯಂತ್ರಕ, ಮಾಲೀಕರಾಗ ಬಯಸುವವರಿಗೆ ಬಿಗಿ ಪರೀಕ್ಷೆ. ಲಾಂಛನ, ಬಣ್ಣ, ಮೈದಾನದಂಥ ವಿಷಯಗಳಲ್ಲಿ ಅಭಿಮಾನಿಗಳ ಮಾತು ಕೇಳಬೇಕು ಎಂಬುದೂ ಅದರಲ್ಲಿದೆ. ಒಳ್ಳೆಯದೇ. ಆದರೆ ಕಾಯ್ದೆಯ ಮಾತಿಗೆ ಅಭಿಮಾನಿ ಎಂದರೆ ಯಾರು ಎಂದು ನಿರ್ಧರಿಸುವ ಪಟ್ಟಿಯೊಂದು ಎಲ್ಲಾದರೂ ಬೇಕಲ್ಲ. ಕ್ಲಬ್ಬುಗಳ ಬಳಿ ಸುಲಭಕ್ಕೆ ಸಿಗುವ ಪಟ್ಟಿ ಸೀಸನ್ ಟಿಕೆಟ್‌ದಾರರದ್ದು. ಚಾಲಕರ ಹೆಸರು ಅದರಲ್ಲಿದೆ. ಮಗಳು ಈಗ ಅಪ್ಪನ ಜೊತೆ ಮೈದಾನಕ್ಕೆ ಬರುತ್ತಾಳೆ, ಭಾನುವಾರದ ಊಟಕ್ಕೆ ಫುಟ್‌ಬಾಲ್ ಮಾತು ಮರಳಿದೆ. ಆದರೂ ಸೀಸನ್ ಟಿಕೆಟ್ ಕೊಂಡಿಲ್ಲ. ರಾತ್ವೆಲ್ ಒಳ್ಳೆಯವರೇ, ಅವರಾದ ಮೇಲೆ ಯಾರು ಎಂದು ಗೊತ್ತಾಗಲಿ ಅನ್ನುತ್ತಾಳೆ. ಒಂದೊಂದು ಪಂದ್ಯಕ್ಕೂ ಬಿಡಿ ಟಿಕೆಟ್ ಕೊಂಡು, ಅಪ್ಪನಿಂದ ನಾಲ್ಕು ಸಾಲು ಹಿಂದೆ ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಕೂರುತ್ತಾಳೆ.